ಓರಗಿತ್ತಿಯ ಗೆರೆಗಳು

ನಮ್ಮ ಮನೆ ಜಯಲಕ್ಷ್ಮಿಪುರಂನಲ್ಲಿದೆ. ಕೆಳಗೆ ನಾವು, ಮೇಲೆ ಮೈದುನನ ಸಂಸಾರ. ಅತ್ತೆ ಕೆಳಗೆ ನಮ್ಮ ಜೊತೆ ಇದ್ದಾರೆ. ಅಡುಗೆಮನೆ ಎರಡಿದ್ದರೂ ಹಬ್ಬ ಹರಿದಿನಕ್ಕೆ ಒಲೆ ಒಂದೇ, ಅದು ಕೆಳಗಿನದು, ಅಂದರೆ ನನ್ನದು. ಇದನ್ನು ದೂರು ಎಂದು ಹೇಳುತ್ತಿಲ್ಲ. ತಲೆಯ ಮೇಲೆ ಸೂರಿದೆ. ಗಂಡ ಸಾಯಂಕಾಲ ನೇರ ಮನೆಗೆ ಬರುತ್ತಾರೆ. ನಲ್ಲಿಯಲ್ಲಿ ಕಾವೇರಿ ನೀರು ಬರುತ್ತದೆ. ತಾರಸಿಗೆ ಹತ್ತಿ ನಿಂತರೆ ತಾಯಿ ಚಾಮುಂಡಿಯ ಬೆಟ್ಟ ಕಾಣುತ್ತದೆ. ಇಷ್ಟೆಲ್ಲ ಕೊಟ್ಟಿದ್ದಾಳೆ. ಆದರೂ ಹೋದ ವರ್ಷ ಆಷಾಢದಿಂದ ದಸರಾದವರೆಗೆ ನನ್ನ ಹೊಟ್ಟೆ ಉರಿಯುತ್ತಲೇ ಇತ್ತು. ಓರಗಿತ್ತಿಗೆ ಕಾಯಿಲೆ ಬಂತು, ನನಗೆ ಬರಲಿಲ್ಲ ಎಂಬ ಉರಿ ಅದು.

ಅವಳು ನನಗಿಂತ ಚಿಕ್ಕವಳು. ಬನ್ನಿಮಂಟಪದ ಕಡೆ ಒಂದು ಶಾಲೆಯಲ್ಲಿ ಮೇಡಂ. ಬೇಸಿಗೆ ರಜ ಮುಗಿದು ಶಾಲೆ ತೆರೆದ ಮೇಲೆ ಒಂದು ದಿನ ಹೋಗಲಿಲ್ಲ, ಮರುದಿನವೂ ಹೋಗಲಿಲ್ಲ. ಆಮೇಲೆ ಮೆಟ್ಟಿಲಿಳಿದು ಕೆಳಗೆ ಬರುವುದು ನಿಂತಿತು, ತಲೆ ಬಾಚುವುದು ನಿಂತಿತು. ಏನಾಯಿತೆಂದು ಕೇಳಿದರೆ ಕಣ್ಣಲ್ಲಿ ನೀರು. ಇದೇ ಕಾರಣ ಎಂದು ಬೆರಳಿಟ್ಟು ತೋರಿಸುವಂಥದ್ದು ಏನೂ ಇರಲಿಲ್ಲ. ಮೈದುನ ಅವಳನ್ನು ವಿಜಯನಗರದಲ್ಲಿರುವ ಒಬ್ಬರು ಮನಸ್ಸಿನ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದ. ಅತ್ತೆ ಮುಂಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕಾದರು. ಅವರು ಕಾಯುತ್ತಿದ್ದದ್ದು ಕಾಯಿಲೆಯ ಹೆಸರಿಗೆ. ನಮ್ಮತ್ತೆಗೆ ಹೆಸರು ಗೊತ್ತಾದರೆ ಹರಕೆ ಗೊತ್ತಾಗುತ್ತದೆ. ಚರ್ಮದ ತೊಂದರೆಗೆ ಯಾವ ದೇವರು, ಹೊಟ್ಟೆನೋವಿಗೆ ಯಾವ ದೇವರು, ಹೆರಿಗೆಗೆ ಯಾವ ದೇವರು ಎಂಬುದು ಅವರಿಗೆ ಬಾಯಿಪಾಠ.

ಹೆಸರು ಬರಲಿಲ್ಲ. ಡಾಕ್ಟರಮ್ಮ ಇಂಥದೇ ಕಾಯಿಲೆ ಎಂದು ಒಂದು ಚೀಟಿ ಅಂಟಿಸುವ ಆತುರದಲ್ಲಿಲ್ಲವಂತೆ, ಗೆರೆ ಎಳೆದು ಅಳೆಯುತ್ತಾರಂತೆ ಎಂದು ಮೈದುನ ಬಂದು ಹೇಳಿದ. ಬೇಜಾರಿಗೆ ಒಂದು ಗೆರೆ, ಭಯಕ್ಕೆ ಒಂದು, ಅನುಮಾನಕ್ಕೆ ಒಂದು, ಜನರಿಂದ ದೂರ ಸರಿಯುವುದಕ್ಕೆ ಒಂದು, ಮಾಡಿದ್ದನ್ನೇ ಮತ್ತೆ ಮತ್ತೆ ಮಾಡುವುದಕ್ಕೆ ಒಂದು. ಪ್ರತಿ ಗೆರೆಯ ಈ ತುದಿ ಸೊನ್ನೆ, ಆ ತುದಿ ಹತ್ತು. ತಾನು ಎಲ್ಲಿದ್ದೇನೆ ಅನ್ನಿಸುತ್ತದೋ ಅಲ್ಲಿ ಅವಳೇ ಗುರುತು ಹಾಕಬೇಕು.

"ಇವೆಲ್ಲ ಎಲ್ರಿಗೂ ಇರತ್ತಂತೆ ಅಮ್ಮ. ಯಾರಿಗೆ ಎಷ್ಟು ಅನ್ನೋದೇ ವಿಷಯವಂತೆ" ಎಂದ.

ಅತ್ತೆಗೆ ಸಮಾಧಾನವಾಗಲಿಲ್ಲ. ಎಲ್ಲರಿಗೂ ಇರುವುದು ಕಾಯಿಲೆ ಹೇಗಾಗುತ್ತದೆ ಎಂದು ಕೇಳಿದರು. ಮೈದುನನಿಗೆ ಬಿಡಿಸಿ ಹೇಳಲು ಬರಲಿಲ್ಲ. ನಾನು ಹುಳಿಗೆ ಒಗ್ಗರಣೆ ಹಾಕುತ್ತ ಕೇಳಿಸಿಕೊಳ್ಳುತ್ತಿದ್ದೆ. ನನಗೆ ಅದು ಅಡುಗೆಯ ಲೆಕ್ಕದಲ್ಲಿ ಕೂಡಲೇ ಅರ್ಥವಾಯಿತು. ಯಾವ ಮನೆಯ ಹುಳಿಯಲ್ಲೂ ಉಪ್ಪು, ಹುಣಿಸೆ, ಖಾರ, ಬೆಲ್ಲ ಇದ್ದೇ ಇರುತ್ತದೆ. ಒಂದು ಕೈ ಹೆಚ್ಚಾದಾಗ ಮಾತ್ರ ಉಣ್ಣುವವರು ಮುಖ ಕಿವಿಚುತ್ತಾರೆ. ಅರ್ಥವಾದ ಕೂಡಲೇ ಇನ್ನೊಂದು ಮಾತೂ ಹೊಳೆಯಿತು. ಎಲ್ಲರಿಗೂ ಇರುತ್ತದೆ ಎಂದರೆ ನನಗೂ ಇದೆ. ನನ್ನದನ್ನು ಅಳೆಯಲು ಯಾರು ಕರೆದುಕೊಂಡು ಹೋದರು?

ಹರಕೆಯ ವಿಷಯ ಹೀಗೆ ಬಗೆಹರಿಯಿತು. ದೇವಸ್ಥಾನದಲ್ಲಿ ಅರ್ಚನೆಗೆ ನಿಂತಾಗ ಅರ್ಚಕರು ಗೋತ್ರ, ನಕ್ಷತ್ರ ಕೇಳಿ, ಏನು ತೊಂದರೆ ಎಂದೂ ಕೇಳಿದರು. ಅದಕ್ಕೆ ಹೆಸರಿಲ್ಲ ಸ್ವಾಮಿ, ಅಳತೆ ಮಾತ್ರ ಇದೆ ಎಂದರು ಅತ್ತೆ. ಅರ್ಚಕರು ಸ್ವಲ್ಪ ಹೊತ್ತು ಯೋಚಿಸಿ, ಚಿಂತೆ ಮಾಡಬೇಡಿ, ಸಕಲ ಅರಿಷ್ಟ ಅಂತ ಸೇರಿಸಿಬಿಡುತ್ತೇನೆ, ಎಲ್ಲ ಅದರೊಳಗೇ ಬರುತ್ತದೆ ಎಂದರು. ಅದು ಸಾಲದೆಂದು ಅತ್ತೆ ಆಷಾಢ ಶುಕ್ರವಾರಗಳಲ್ಲಿ ಬೆಟ್ಟದ ಮೆಟ್ಟಿಲು ಹತ್ತಿಸುವುದಾಗಿ ತಾಯಿಗೆ ಹೇಳಿಕೊಂಡರು. ಅವರಿಗೆ ಮಂಡಿನೋವು. ಮೆಟ್ಟಿಲು ಹತ್ತಿದವಳು ನಾನು. ಆ ಜನಜಂಗುಳಿಯಲ್ಲಿ, ಮಂಜಿನಲ್ಲಿ, ಒಂದೊಂದು ಮೆಟ್ಟಿಲಿಗೂ ಅರಿಶಿನ ಕುಂಕುಮ ಇಡುತ್ತ ಓರಗಿತ್ತಿಯ ಹೆಸರು ಹೇಳುತ್ತ ಹತ್ತಿದೆ. ಕಾಲು ಗಟ್ಟಿಯಾಗಿಟ್ಟಿದ್ದೀಯಲ್ಲ ತಾಯಿ, ಅಷ್ಟು ಸಾಕು ಎಂದೂ ಹೇಳಿಕೊಂಡೆ. ಆದರೆ ನನ್ನ ಹೆಸರಿನಲ್ಲಿ ಯಾರೂ ಒಂದು ಮೆಟ್ಟಿಲಿಗಾದರೂ ಕುಂಕುಮವಿಟ್ಟಿಲ್ಲ ಎಂಬುದೂ ನೆನಪಿಗೆ ಬಂತು.

ಮನೆಯಲ್ಲಿ ಎಲ್ಲ ಅವಳ ಅಳತೆಯ ಮೇಲೆ ನಡೆಯತೊಡಗಿತು. ಬೆಳಿಗ್ಗೆ ಅತ್ತೆ ಫೋನ್ ಮಾಡಿ ಮೇಲೆ ಕೇಳುವರು, ಇವತ್ತು ಎಷ್ಟಮ್ಮ ಅಂತ. ಬೇಜಾರು ಎಂಟು ಎಂದರೆ ಫಿಲ್ಟರಿನ ಮೊದಲ ಡಿಕಾಕ್ಷನ್ ಮೇಲಕ್ಕೆ. ಏಳು ಎಂದರೂ ಮೇಲಕ್ಕೇ. ಎರಡನೆಯ ಸಲ ಬಿಸಿನೀರು ಹಾಕಿ ಇಳಿಸಿದ್ದು ನನಗೆ. ಸಾಯಂಕಾಲ ಪಾರ್ಕಿನ ಕಲ್ಲುಬೆಂಚಿನ ಮೇಲೆ ಅತ್ತೆಯ ಗೆಳತಿಯರೆಲ್ಲ ಕೂತು ಶುಗರ್ ಎಷ್ಟು, ಬಿ.ಪಿ. ಎಷ್ಟು ಎಂದು ಮಾತಾಡುವುದು ವಾಡಿಕೆ. ಈಗ ಅತ್ತೆಯ ಹತ್ತಿರವೂ ಹೇಳಲು ಹೊಸದೊಂದು ಸಂಖ್ಯೆ ಸಿಕ್ಕಿತ್ತು. ನಮ್ಮ ಚಿಕ್ಕ ಸೊಸೆಗೆ ಜನ ಬೇಡ ಅನ್ನೋದು ಒಂಬತ್ತಿದೆ ಕಣ್ರೀ ಎಂದು ಅವರು ಹೇಳಿದರೆ, ಉಳಿದವರು ತಮ್ಮ ಶುಗರನ್ನು ಮರೆತು ಅಯ್ಯೋ ಪಾಪ ಎನ್ನುವರು. ಪಕ್ಕದಲ್ಲೇ ಕೂತ ದೊಡ್ಡ ಸೊಸೆಗೆ ಹೇಳಿಕೊಳ್ಳಲು ಬಿ.ಪಿ. ಕೂಡ ಇಲ್ಲ. ನೀನು ಪುಣ್ಯವಂತೆ ಬಿಡು ಎಂದು ಅವರಲ್ಲೊಬ್ಬರು ನನ್ನ ಬೆನ್ನು ತಟ್ಟಿದರು.

ನನ್ನನ್ನು ಎಲ್ಲಕ್ಕಿಂತ ಚುಚ್ಚಿದ್ದು ಕುಕ್ಕರಹಳ್ಳಿ ಕೆರೆ. ದಿನಾ ಸಾಯಂಕಾಲ ಅವಳನ್ನು ನಡೆಸಬೇಕೆಂದು ಡಾಕ್ಟರಮ್ಮ ಹೇಳಿದ್ದರು. ಮೈದುನ ಆಫೀಸಿನಿಂದ ಬಂದವನೇ ಶೂ ಕೂಡ ಬಿಚ್ಚದೆ ಅವಳ ಕೈ ಹಿಡಿದು ಮೆಟ್ಟಿಲಿಳಿಸಿ ಏರಿಯ ಮೇಲೆ ನಡೆಸಿಕೊಂಡು ಬರುವನು. ಗೇಟಿನ ಹತ್ತಿರ ಅವಳ ಶಾಲು ಸರಿಮಾಡುವನು. ನಾನು ಅಡುಗೆಮನೆಯ ಕಿಟಕಿಯಿಂದ ನೋಡುವೆನು. ಮದುವೆಯಾಗಿ ಇಷ್ಟು ವರ್ಷದಲ್ಲಿ ನಮ್ಮ ಯಜಮಾನರಿಗೆ ಯಾವ ಡಾಕ್ಟರೂ ಹಾಗೆ ಹೇಳಿಲ್ಲ. ಅವರು ಕೆಟ್ಟವರಲ್ಲ, ಕೊತ್ತಂಬರಿ ಸೊಪ್ಪು ತನ್ನಿ ಎಂದರೆ ತರುತ್ತಾರೆ.

ಇನ್ನು ನನ್ನ ಮಧ್ಯಾಹ್ನಗಳ ಮಾತು ಹೇಳಬೇಕು. ಊಟವಾಗಿ, ಪಾತ್ರೆ ತೊಳೆದು, ಒಲೆ ಒರೆಸಿ, ಸಿಲಿಂಡರಿನ ರೆಗ್ಯುಲೇಟರ್ ತಿರುಗಿಸಿ ಮಲಗಲು ಹೋಗುತ್ತೇನೆ. ಅತ್ತೆ ಗೊರಕೆ ಹೊಡೆಯುತ್ತಿರುತ್ತಾರೆ. ತಲೆ ದಿಂಬಿಗೆ ತಗಲುವ ಹೊತ್ತಿಗೆ ಅನ್ನಿಸುತ್ತದೆ, ತಿರುಗಿಸಿದೆನೇ? ಎದ್ದು ಹೋಗಿ, ಕಟ್ಟೆ ಕೆಳಗಿನ ಗೂಡಿನ ಬಾಗಿಲು ತೆಗೆದು, ಬಗ್ಗಿ ನೋಡಿ, ಕೈಯಿಂದ ಮುಟ್ಟಿ, ಶ್ರೀರಾಮ ಎಂದು ಬಾಗಿಲು ಹಾಕುತ್ತೇನೆ. ಮತ್ತೆ ಮಲಗುತ್ತೇನೆ. ಮುಟ್ಟಿದಾಗ ಕೈ ತಗಲಿ ಎಲ್ಲಿ ತೆರೆದುಕೊಂಡಿತೋ? ಮತ್ತೆ ಏಳುತ್ತೇನೆ. ಈ ಸಲ ರಾಮನ ಹೆಸರು ಹೇಳುವಾಗ ಮನಸ್ಸು ಬೇರೆ ಕಡೆ ಇತ್ತಲ್ಲ ಎಂದು ಇನ್ನೊಂದು ಸಲ. ಕಾಫಿಯ ಹೊತ್ತಾಗುವವರೆಗೆ ಇದೇ. ಕಾಫಿಗೆ ಒಲೆ ಹಚ್ಚಿದರೆ ಮುಗಿಯಿತು, ಆಗ ಅದು ಉರಿಯುತ್ತಿರುವುದು ಕಣ್ಣಿಗೇ ಕಾಣುತ್ತದೆ. ಇದು ಎಷ್ಟೋ ವರ್ಷಗಳಿಂದ ಇದೆ. ಮನೆಯ ಮೇಲಿನ ಜವಾಬ್ದಾರಿ ಎಂದೇ ನಾನು ತಿಳಿದಿದ್ದೆ. ರಾಮನಾಮವೂ ಸೇರಿದ್ದರಿಂದ ಭಕ್ತಿ ಎಂದೂ ತಿಳಿದಿದ್ದೆ.

ಒಂದು ಶುಕ್ರವಾರ ಮೈದುನನಿಗೆ ಆಫೀಸಿನಲ್ಲಿ ರಜ ಸಿಗಲಿಲ್ಲ. ಅವಳನ್ನು ಡಾಕ್ಟರಮ್ಮನ ಹತ್ತಿರ ನಾನು ಕರೆದುಕೊಂಡು ಹೋಗಬೇಕಾಯಿತು. ದೇವರ ಪೂಜೆ ಮುಗಿಸಿ, ಹೊಸಿಲಿಗೆ ರಂಗೋಲಿ ಹಾಕಿ, ಹೂವು ಮುಡಿದು ಹೊರಟೆ. ಅಲ್ಲಿ ಅವಳು ಒಳಗೆ ಹೋಗಿ ಸ್ವಲ್ಪ ಹೊತ್ತಿಗೆ ನನ್ನನ್ನೂ ಕರೆದರು. ಡಾಕ್ಟರಮ್ಮನಿಗೆ ನನ್ನಷ್ಟೇ ವಯಸ್ಸಿರಬಹುದು, ಕಾಟನ್ ಸೀರೆ, ಹಣೆಯಲ್ಲಿ ಸಣ್ಣ ಬೊಟ್ಟು. ರೋಗಿ ತನ್ನ ಬಗ್ಗೆ ಹಾಕುವ ಗುರುತಿನ ಜೊತೆಗೆ ಮನೆಯವರೊಬ್ಬರು ನೋಡಿ ಹಾಕುವ ಗುರುತೂ ಬೇಕು, ಎರಡನ್ನೂ ಪಕ್ಕದಲ್ಲಿಟ್ಟು ನೋಡುತ್ತೇವೆ ಎಂದು ವಿವರಿಸಿದರು. ಅದೇ ಐದು ಗೆರೆಗಳ ಹೊಸ ಹಾಳೆ ನನ್ನ ಮುಂದಿಟ್ಟರು.

ಪೆನ್ನು ಕೈಗೆ ಬಂದಾಗ ನನ್ನ ಹೊಟ್ಟೆಯಲ್ಲಿದ್ದದ್ದು ಕೈಗಿಳಿಯಿತು. ಬೇಜಾರಿನ ಗೆರೆಯ ಮೇಲೆ ಮೂರರ ಹತ್ತಿರ ಗುರುತು ಹಾಕಿದೆ. ಅವಳು ಪಕ್ಕದಲ್ಲಿ ತಲೆ ತಗ್ಗಿಸಿ ಕೂತಿದ್ದಳು. ಡಾಕ್ಟರಮ್ಮ ಆಕ್ಷೇಪಿಸಲಿಲ್ಲ. ಅವಳ ದಿನ ಹೇಗೆ ಕಳೆಯುತ್ತದೆ, ನಿಮಗೆ ಗೊತ್ತಿದ್ದಷ್ಟು ಹೇಳಿ ಎಂದರು. ಅವಳೇನು ಅಷ್ಟೊಂದು ಕಷ್ಟದಲ್ಲಿಲ್ಲ ಎಂದು ಹೇಳಬೇಕೆಂದೇ ಬಾಯಿ ತೆರೆದೆ. ಬಂದದ್ದು ಬೇರೆ. ಮಧ್ಯಾಹ್ನ ಇವಳು ಮಲಗುವುದಿಲ್ಲ ಎಂದೆ. ಕಿಟಕಿಯಿಂದ ಬಾಗಿಲಿಗೆ ನಡೆಯುತ್ತಾಳೆ, ಬಾಗಿಲ ಹತ್ತಿರ ನಿಲ್ಲುತ್ತಾಳೆ, ಚಿಲಕದ ಮೇಲೆ ಕೈಯಿಡುತ್ತಾಳೆ ಅಂತ ಕಾಣುತ್ತದೆ, ಸಣ್ಣಗೆ ಸದ್ದಾಗುತ್ತದೆ, ಆದರೆ ತೆಗೆಯುವುದಿಲ್ಲ. ಮತ್ತೆ ಕಿಟಕಿ. ನಡುವೆ ಮಂಚದ ಮೇಲೆ ಕೂರುತ್ತಾಳೆ, ಮಂಚ ಕಿರ್ ಎನ್ನುತ್ತದೆ, ಒಂದು ಲೋಟ ನೀರು ಕುಡಿಯುವಷ್ಟು ಹೊತ್ತೂ ಕೂರುವುದಿಲ್ಲ. ಅಳುವ ದಿನ ಹೆಜ್ಜೆ ನಿಧಾನ. ಹೇಳುತ್ತ ಹೇಳುತ್ತ ನಾನು ಹಾಕಿದ ಮೂರು ಸುಳ್ಳೆಂದು ನನಗೇ ಕಂಡಿತು. ಹೊಡೆದು ಹಾಕಿ ಎಂಟರ ಹತ್ತಿರ ಇನ್ನೊಂದು ಗುರುತು ಹಾಕಿದೆ.

ಡಾಕ್ಟರಮ್ಮ ಕೇಳಿದರು, "ಇದೆಲ್ಲ ನಿಮಗೆ ಎಲ್ಲಿಂದ ಕೇಳ್ಸತ್ತೆ?"

"ಅಡುಗೆಮನೆಯಿಂದ. ಅವಳ ರೂಮು ಸರಿಯಾಗಿ ಅದರ ಮೇಲೇ ಬರತ್ತೆ."

"ಊಟ ಆದಾಗಿಂದ ಕಾಫಿ ತನಕ ನೀವು ಅಡುಗೆಮನೇಲೇ ಇರ್ತೀರಾ? ಆ ಹೊತ್ತಲ್ಲಿ ಏನು ಕೆಲಸ ಇರತ್ತಮ್ಮ?"

ಕೆಲಸ ಏನೂ ಇಲ್ಲ, ದೇವರು ಚೆನ್ನಾಗಿಟ್ಟಿದ್ದಾನೆ ಎಂದೆ. ಅಲ್ಲಿಯವರೆಗೆ ತುಟಿ ಬಿಚ್ಚದಿದ್ದ ಓರಗಿತ್ತಿ ತಲೆಯೆತ್ತಿದಳು.

"ಅಕ್ಕ ಗ್ಯಾಸ್ ನೋಡ್ತಾರೆ" ಎಂದಳು. "ಕೆಳಗಿನ ಗೂಡಿನ ಬಾಗ್ಲು ಟಪ್ ಅನ್ನತ್ತೆ. ಮಲಗಕ್ಕೆ ಹೋಗ್ತಾರೆ, ಇನ್ನೇನು ಮಲಗಿದ್ರು ಅಂದ್ಕೊಳೋ ಅಷ್ಟ್ರಲ್ಲಿ ಮತ್ತೆ ಬರ್ತಾರೆ, ಮತ್ತೆ ಟಪ್. ನಾನು ಕಿಟಕಿ ಹತ್ರ ಹೋಗಿ ಬರೋ ಹೊತ್ತಿಗೆ ಅವ್ರೂ ಒಂದ್ಸಲ ಹೋಗಿ ಬಂದಿರ್ತಾರೆ. ಪಾಪ, ಒಂದಿನವೂ ಮಲಗಿಲ್ಲ ಅವ್ರು."

ತಿಂಗಳುಗಟ್ಟಲೆ ಎರಡು ಮಾತು ಕೂಡಿಸಿ ಆಡದವಳು ಇಷ್ಟುದ್ದ ಮಾತಾಡಿದ್ದಳು, ಅದೂ ನನ್ನ ವಿಷಯ. ಯಾರಾದರೂ ಕೇಳಲಿ ಎಂದು ನಾನು ಆಷಾಢದಿಂದ ಕಾದಿದ್ದೆ. ಕೇಳುವವರು ಎದುರಿಗೆ ಸಿಕ್ಕಾಗ ನನ್ನ ಬಾಯಿ ಕಟ್ಟಿತು, ಅವಳು ಹೇಳಿಬಿಟ್ಟಳು. ನನ್ನ ಕಷ್ಟವನ್ನು ನನಗಿಂತ ಚೆನ್ನಾಗಿ ಹೇಳಿದಳಲ್ಲ ಎಂದು ಅದಕ್ಕೂ ಉರಿಯಿತು. ಡಾಕ್ಟರಮ್ಮ ನನ್ನ ಕಡೆ ತಿರುಗಿ, ಇವರು ಹೇಳಿದ್ದು ಹೌದಾ ಎಂದರು.

"ಇವತ್ತು ಶುಕ್ರವಾರ ಡಾಕ್ಟ್ರೇ" ಎಂದೆ. "ಮುತ್ತೈದೆ ಬಾಯಲ್ಲಿ ಮನೆ ಬಗ್ಗೆ ಇಲ್ಲದ್ದು ಸಲ್ಲದ್ದು ಬರಬಾರದು."

ಅವರು ನಗಲಿಲ್ಲ. ಹಾಗಾದರೆ ಸೋಮವಾರ ಬನ್ನಿ, ನಿಮಗೆ ಬೇಕೆನ್ನಿಸಿದರೆ ಮಾತ್ರ ಎಂದರು. ಅಷ್ಟೇ. ಆ ದಿನ ಅದಕ್ಕಿಂತ ಹೆಚ್ಚು ಕೇಳಿದ್ದರೆ ನಾನು ಮತ್ತೆ ಅತ್ತ ಹೋಗುತ್ತಿರಲಿಲ್ಲವೇನೋ. ಕೇಳದೆ ಬಿಟ್ಟದ್ದೂ ಒಂದು ಕೃಪೆ.

ರಾತ್ರಿ ಊಟಕ್ಕೆ ಕೂತಾಗ ಯಜಮಾನರಿಗೆ ಹೇಳಿದೆ. ಅವರಿಗೆ ಅಚ್ಚರಿ. "ಗ್ಯಾಸ್ ನೋಡೋದಕ್ಕೂ ಡಾಕ್ಟ್ರಾ? ಅದು ಜಾಗ್ರತೆ ಕಣೇ. ನೋಡದೆ ಮಲಗೋರಿಗೆ ಬೇಕು ಡಾಕ್ಟ್ರು" ಎಂದು ಮಜ್ಜಿಗೆ ಹಾಕಿಸಿಕೊಂಡರು. ಅತ್ತೆ ಕಿವಿ ಮಂದವಾದವರಂತೆ ಕೂತಿದ್ದರು. ಸಣ್ಣವಳಿಗೆ ಬಂತು ಅಂತ ದೊಡ್ಡವಳಿಗೂ ಬೇಕಾಯಿತೇ ಎಂದು ಅವರ ಮುಖದಲ್ಲಿ ಬರೆದಿತ್ತು. ಅದರಲ್ಲಿ ಪೂರ್ತಿ ಸುಳ್ಳಿರಲಿಲ್ಲ, ಅದಕ್ಕೇ ನನಗೆ ಸಿಟ್ಟು ಬಂತು. ಸೋಮವಾರ ಹೋಗುವುದೋ ಬೇಡವೋ ಎಂದು ಶನಿವಾರ, ಭಾನುವಾರ ಒದ್ದಾಡಿದೆ. ಸೋಮವಾರ ಬೆಳಿಗ್ಗೆ ಓರಗಿತ್ತಿ ತಾನೇ ತಲೆ ಬಾಚಿಕೊಂಡು, ಸೀರೆ ಉಟ್ಟು, ಯಾರೂ ಕೈಹಿಡಿಯದೆ ಮೆಟ್ಟಿಲಿಳಿದು ಬಂದು ಬಾಗಿಲಲ್ಲಿ ನಿಂತಳು. ಮನೆಯವರೊಬ್ಬರು ನೋಡಿ ಹಾಕುವ ಗುರುತು ಬೇಕಲ್ಲ ಅಕ್ಕ, ನಾನು ಬರುತ್ತೇನೆ ಎಂದಳು. ಅವಳನ್ನು ಹಾಗೆ ನೋಡಿ ಅತ್ತೆ ಕಣ್ಣೊರೆಸಿಕೊಂಡರು, ಬೆಟ್ಟದ ಕಡೆ ಕೈಮುಗಿದರು. ನಾನು ಹೊರಟಿದ್ದೆಲ್ಲಿಗೆ ಎಂದು ಕೇಳಲು ಅವರಿಗೆ ನೆನಪಾಗಲಿಲ್ಲ.

ಡಾಕ್ಟರಮ್ಮನ ಮುಂದೆ ಕೂತು ನಾನು ಮೊದಲು ಯಜಮಾನರ ಮಾತನ್ನೇ ಹೇಳಿದೆ. ಎಲ್ಲರೂ ನೋಡುತ್ತಾರಲ್ಲ, ನೋಡುವುದು ಜಾಗ್ರತೆಯಲ್ಲವೇ ಎಂದೆ.

"ಹೌದು, ಒಂದ್ಸಲ ಎಲ್ರೂ ನೋಡ್ತಾರೆ. ನಾನೂ ನೋಡ್ತೀನಿ" ಎಂದರು. "ಜಾಗ್ರತೆ ಇಲ್ಲಿಗೆ ಮುಗೀತು, ಭಯ ಇಲ್ಲಿಂದ ಶುರು ಅಂತ ಗೋಡೆ ಕಟ್ಟಿ ತೋರ್ಸಕ್ಕಾಗಲ್ಲಮ್ಮ. ಅದಕ್ಕೇ ಈ ಗೆರೆ. ನಿಮ್ಮ ಮಧ್ಯಾಹ್ನದ ನಿದ್ದೆ ಹೋಗಿದೆ ಅಂದ್ರೆ ನೀವು ಅದರ ಮೇಲೆ ಸ್ವಲ್ಪ ಮುಂದಕ್ಕೆ ಬಂದಿದೀರಿ, ಅಷ್ಟೇ."

ರಾಮನಾಮದ ವಿಷಯವನ್ನೂ ಕೇಳಿದೆ. ಅದನ್ನು ಬಿಡಿ ಎಂದರೆ ಎದ್ದು ಬರುವುದೆಂದು ತೀರ್ಮಾನಿಸಿಕೊಂಡಿದ್ದೆ. ಭಕ್ತಿಯನ್ನು ನಾನು ಅಳೆಯುವುದಿಲ್ಲ, ಅದು ನಿಮ್ಮದು ಎಂದರು. ಆದರೆ ಒಂದು ಮಾತು ಕೇಳಿದರು. ಬೆಳಿಗ್ಗೆ ದೇವರ ಮುಂದೆ ಕೂತು ಆ ಹೆಸರು ಹೇಳಿದಾಗ ಮನಸ್ಸು ಹೇಗಿರುತ್ತದೆ, ಸಿಲಿಂಡರ್ ಮುಂದೆ ಹೇಳಿದಾಗ ಹೇಗಿರುತ್ತದೆ? ಎರಡೂ ಒಂದೇ ಅಲ್ಲವೆಂದು ನನಗೆ ಯಾವಾಗಲೋ ಗೊತ್ತಿತ್ತು.

ಆಮೇಲೆ ಗುರುತು ಹಾಕಿದೆ. ಬೇಜಾರು ಎರಡು, ಅನುಮಾನ ಒಂದು, ಜನರಿಂದ ದೂರ ಸರಿಯುವುದು ಒಂದು. ಭಯ ಏಳು. ಓರಗಿತ್ತಿಯ ಭಯ ನಾಲ್ಕೆಂದು ನನಗೆ ಗೊತ್ತಿತ್ತು. ಒಂದು ಗೆರೆಯಲ್ಲಾದರೂ ನಾನು ಮುಂದಿದ್ದೆ. ಆ ಏಳನ್ನು ನೋಡುತ್ತ ಒಳಗೊಳಗೇ ಹಿಗ್ಗಿದೆ ಎಂದರೆ ಓದುವವರು ನಂಬುವುದಿಲ್ಲ, ಆದರೆ ನಿಜ. ಮಾಡಿದ್ದನ್ನೇ ಮಾಡುವ ಗೆರೆಯಲ್ಲಿ ಐದು ಹಾಕಿದೆ. ಓರಗಿತ್ತಿ ತನ್ನ ಹಾಳೆಯಲ್ಲಿ ನನ್ನ ಬಗ್ಗೆ ಎಂಟು ಹಾಕಿದ್ದಳು.

ಅದಕ್ಕೆ ಆಟೋದಲ್ಲಿ ಜಗಳವಾಯಿತು. ಎಂಟು ಎಲ್ಲಿಂದ ಬಂತು ನಿನಗೆ, ಮಾಡುವವಳು ನಾನು, ನನಗೆ ಗೊತ್ತಿಲ್ಲವೇ ಎಂದೆ.

"ನೀವು ಮಾಡ್ತೀರಕ್ಕ, ಕೇಳಿಸ್ಕೊಳ್ಳಲ್ಲ" ಎಂದಳು. "ಕೇಳಿಸ್ಕೊಳ್ತಿದ್ದೋಳು ನಾನು. ಮೇಲೆ ನನಗೆ ಬೇರೇನು ಕೆಲಸವಿತ್ತು? ಕೆಳಗೆ ಟಪ್ ಅಂದಾಗೆಲ್ಲ, ಸದ್ಯ, ಅಕ್ಕನೂ ಎದ್ದಿದಾರೆ ಅಂದ್ಕೊಳ್ತಿದ್ದೆ."

"ಐದೇ" ಎಂದೆ ನಾನು.

"ಆಯ್ತು, ಆರು ಮಾಡ್ಕೊಳ್ಳಿ. ಅದಕ್ಕಿಂತ ಕಮ್ಮಿಗೆ ನಾನು ಬರಲ್ಲ" ಎಂದು ತರಕಾರಿಯವನ ಜೊತೆ ಚೌಕಾಸಿ ಮಾಡುವವಳಂತೆ ಹೇಳಿ ನಕ್ಕಳು. ಆಟೋದವನು ಕನ್ನಡಿಯಲ್ಲಿ ನಮ್ಮಿಬ್ಬರನ್ನೂ ನೋಡಿದ.

ನನಗೆ ಸಿಕ್ಕಿದ ಔಷಧಿ ಕಡಿಮೆ, ಕೆಲಸ ಹೆಚ್ಚು. ಒಂದು ಸಲ ನೋಡಿ ಮುಟ್ಟಿ ಹೋಗಿ ಮಲಗಬೇಕು. ಭಯ ಏರುತ್ತದೆ, ಏರಲಿ, ಏಳಬಾರದು. ಅದು ತಾನಾಗಿ ಇಳಿಯುವವರೆಗೆ ಕಾಯಬೇಕು. ಕೇಳಲು ಸುಲಭ. ಮೊದಲ ದಿನಗಳಲ್ಲಿ ನಾನು ಎದೆ ಹಿಡಿದುಕೊಂಡು ಅತ್ತಿದ್ದೂ ಉಂಟು, ಎದ್ದು ಓಡಿದ್ದೂ ಉಂಟು. ಈಗ ವಾರದಲ್ಲಿ ಎಷ್ಟೋ ದಿನ ನಿದ್ದೆ ಹತ್ತುತ್ತದೆ. ಆ ರಾತ್ರಿ ಊಟದ ಹೊತ್ತಿನಲ್ಲಿ ಕೇಳಿಸಿಕೊಂಡದ್ದು ಬಿಟ್ಟರೆ ಅತ್ತೆಗೆ ಇದಾವುದೂ ಗೊತ್ತಿಲ್ಲ. ಪಾರ್ಕಿನ ಬೆಂಚಿನಲ್ಲಿ ನನ್ನ ಸಂಖ್ಯೆ ಇನ್ನೂ ಯಾರ ಬಾಯಿಗೂ ಬಂದಿಲ್ಲ. ಒಂದೊಂದು ಸಲ ಬಂದರೆ ಚೆನ್ನಾಗಿತ್ತು ಎನ್ನಿಸುತ್ತದೆ.

ಓರಗಿತ್ತಿ ದಸರಾ ರಜ ಮುಗಿದ ಮೇಲೆ ಶಾಲೆಗೆ ಹೋಗತೊಡಗಿದಳು. ಅವಳ ಬೇಜಾರು ಮೂರಕ್ಕೆ ಇಳಿದಿದೆ. ಜನರ ಗೆರೆಯೂ ಇಳಿದಿದೆ. ಅಷ್ಟು ಮೇಲಿದ್ದವಳು ಅಷ್ಟು ಬೇಗ ಇಳಿದಳು, ಭಯದ ಗೆರೆಯಲ್ಲಿ ಏಳರಲ್ಲಿದ್ದ ನಾನು ಇನ್ನೂ ಐದರಲ್ಲೇ ಒದ್ದಾಡುತ್ತಿದ್ದೇನೆ. ಬೆಳಿಗ್ಗೆ ಅವಳು ಬ್ಯಾಗು ಹಾಕಿಕೊಂಡು ಸ್ಕೂಟರ್ ತೆಗೆಯುವುದನ್ನು ನೋಡಿದರೆ ಈಗಲೂ ಸಣ್ಣಗೆ ಹೊಟ್ಟೆ ಉರಿಯುತ್ತದೆ. ತಾಯಿ ಅವಳನ್ನು ಚೆನ್ನಾಗಿಟ್ಟಿರಲಿ ಎಂದೂ ಕೈಮುಗಿಯುತ್ತೇನೆ, ಎರಡೂ ನನ್ನೊಳಗೆ ಒಟ್ಟಿಗೇ ಇರುತ್ತವೆ.

ಮಧ್ಯಾಹ್ನ ಮೇಲೆ ಈಗ ಸದ್ದಿಲ್ಲ. ಮೊನ್ನೆ ಗುರುವಾರ ನಾನು ಒಂದೇ ಸಲ ನೋಡಿ, ಬಾಗಿಲು ಹಾಕಿ, ಹೋಗಿ ಮಲಗಿ ಕಾಫಿಯ ಹೊತ್ತಿಗೇ ಎದ್ದೆ. ಅದನ್ನು ಕೇಳಿಸಿಕೊಂಡವರು ಯಾರೂ ಇರಲಿಲ್ಲ. ಸಂಜೆ ಅವಳು ಬಂದಾಗ ಮೆಟ್ಟಿಲ ಹತ್ತಿರವೇ ನಿಲ್ಲಿಸಿ ಹೇಳಿದೆ. ಚಪ್ಪಲಿ ಬಿಡುತ್ತ ನನ್ನ ಮುಖ ನೋಡಿ, "ಭಾನುವಾರ ನಾನು ಮನೇಲಿರ್ತೀನಲ್ಲ, ಕೇಳಿಸ್ಕೊಂಡು ಆಮೇಲೆ ನಂಬ್ತೀನಿ ಬಿಡಿ" ಎಂದಳು.